ಕಬ್ಬಿನ ತೋಟದ ಚಿರತೆಗಳು: ಚಾಕಣ–ಜುನ್ನರ ಪ್ರದೇಶದಲ್ಲಿ ಸ್ವಯಂಸೇವಾ ಸಂಸ್ಥೆಯೊಂದರ ಕಾರ್ಯ

ಪುಣೆಯಿಂದ ನಾಸಿಕಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು ಮೂವತ್ತು ಕಿಲೋಮೀಟರ್ ಸಾಗಿದರೆ ಚಾಕಣ ಪಟ್ಟಣ ಸಿಗುತ್ತದೆ. 1660ರಲ್ಲಿ ಶಾಯಿಸ್ತಾಖಾನನ ಸೇನೆಯನ್ನು ಎರಡು ತಿಂಗಳಷ್ಟು ಕಾಲ ತಡೆದು ನಿಲ್ಲಿಸಿದ ಸಂಗ್ರಾಮದುರ್ಗವು ಇಲ್ಲಿಯದು. ಬಹುಕಾಲ ಈರುಳ್ಳಿಯ ಮಾರುಕಟ್ಟೆಗೆ ಹೆಸರಾಗಿದ್ದ ಈ ಊರು ಇಂದು ಮೋಟಾರು ವಾಹನಗಳ ಕಾರ್ಖಾನೆಗಳಿಗಾಗಿ ದೇಶದಲ್ಲೆಲ್ಲ ಪರಿಚಿತವಾಗಿದೆ. 2022ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಇಲ್ಲಿನ ಮರ್ಸಿಡಿಸ್-ಬೆಂಜ್ ಕಾರ್ಖಾನೆಯೊಳಗೆ ಚಿರತೆಯೊಂದು ಕಾಣಿಸಿಕೊಂಡಿತು. ಕೆಲಸಗಾರರನ್ನು ಹೊರಗೆ ಕಳುಹಿಸಲಾಯಿತು. ಅರಣ್ಯ ಇಲಾಖೆಯವರೂ ವನ್ಯಜೀವಿ ರಕ್ಷಣಾ ತಂಡದವರೂ ಹಲವು ಗಂಟೆಗಳ ಪ್ರಯತ್ನದ ಬಳಿಕ ಅದಕ್ಕೆ ಅರಿವಳಿಕೆ ನೀಡಿ ಹಿಡಿದರು. ಮನುಷ್ಯರಿಗಾಗಲಿ ಪ್ರಾಣಿಗಾಗಲಿ ಹಾನಿ ಆಗಲಿಲ್ಲ.

ವಾರ್ತಾಪತ್ರಿಕೆಗಳಿಗೆ ಇದು ಒಂದು ದಿನದ ಸೋಜಿಗ. ಆದರೆ ಚಾಕಣದ ಉತ್ತರಕ್ಕಿರುವ ಹಳ್ಳಿಗಳ ಜನರಿಗೆ ಚಿರತೆಯು ಸೋಜಿಗದ ಪ್ರಾಣಿಯಾಗಿ ಉಳಿದಿಲ್ಲ. ಮಹಾರಾಷ್ಟ್ರ ಅರಣ್ಯ ಇಲಾಖೆಯ ಜುನ್ನರ ವಿಭಾಗವು ಖೇಡ, ಆಂಬೇಗಾಂವ, ಜುನ್ನರ ಮತ್ತು ಶಿರೂರು ತಾಲ್ಲೂಕುಗಳನ್ನು ಒಳಗೊಂಡಿದ್ದು, ಚಾಕಣ ಪಟ್ಟಣವು ಇವುಗಳಲ್ಲಿ ಖೇಡ ತಾಲ್ಲೂಕಿಗೆ ಸೇರಿದೆ. ಈ ನಾಲ್ಕು ತಾಲ್ಲೂಕುಗಳ ಕಬ್ಬಿನ ಹೊಲಗಳಲ್ಲಿ ಚಿರತೆಗಳು ಹುಟ್ಟುತ್ತವೆ, ಬೆಳೆಯುತ್ತವೆ, ಮರಿ ಹಾಕುತ್ತವೆ. ಅವುಗಳ ಪೈಕಿ ಎಷ್ಟೋ ಪ್ರಾಣಿಗಳು ನಿಜವಾದ ಕಾಡನ್ನು ಕಂಡೇ ಇರಲಾರವು.

ಕಾಡು ಬಿಟ್ಟ ಬಗೆ

ಪಶ್ಚಿಮಕ್ಕೆ ಸಹ್ಯಾದ್ರಿಯ ಸಾಲು. ಅಲ್ಲಿ 1985ರಲ್ಲಿ ಘೋಷಿತವಾದ ಭೀಮಾಶಂಕರ ಅಭಯಾರಣ್ಯವಿದೆ. ಪೂರ್ವಕ್ಕೆ ಮಳೆ ಕಡಮೆಯಾದ ಬಯಲು. ಈ ಬಯಲಿನಲ್ಲಿ ಒಂದು ಕಾಲಕ್ಕೆ ಜೋಳ, ಸಜ್ಜೆಗಳೇ ಮುಖ್ಯ ಬೆಳೆಗಳಾಗಿದ್ದವು. ಕುಕಡಿ ನೀರಾವರಿ ಯೋಜನೆಯ ಅಂಗವಾಗಿ ಯೇಡಗಾಂವ, ಮಾಣಿಕಡೋಹ, ವಡಜ, ಡಿಂಭೆ ಮತ್ತು ಪಿಂಪಳಗಾಂವ ಜೋಗೆ ಅಣೆಕಟ್ಟುಗಳು ಒಂದೊಂದಾಗಿ ಎದ್ದ ಮೇಲೆ ಕಾಲುವೆಯ ನೀರು ಹರಿಯಿತು. ನೀರಿನ ಹಿಂದೆ ಕಬ್ಬು ಬಂತು. ಕಬ್ಬಿನ ಹಿಂದೆ ಸಹಕಾರಿ ಸಕ್ಕರೆ ಕಾರ್ಖಾನೆಗಳು ಬಂದವು. ರೈತನ ಬದುಕು ಹಸನಾಯಿತೆಂಬುದರಲ್ಲಿ ಸಂದೇಹವಿಲ್ಲ.

ಕಬ್ಬು ಹೊಲದಲ್ಲಿ ಒಂದು ವರ್ಷದಿಂದ ಒಂದೂವರೆ ವರ್ಷದವರೆಗೆ ನಿಲ್ಲುವ ಬೆಳೆ. ಆಳೆತ್ತರ ಮೀರಿ ಬೆಳೆದ ಕಬ್ಬಿನ ನಡುವೆ ಹಗಲಿನಲ್ಲೂ ನೆರಳು, ತಂಪು, ಕಾಲುವೆಯ ನೀರು. ಮನುಷ್ಯರ ಓಡಾಟವೂ ಅಪರೂಪ. ಮರಿ ಹಾಕಲು ಮರೆ ಹುಡುಕುವ ಹೆಣ್ಣು ಚಿರತೆಗೆ ಇದಕ್ಕಿಂತ ಅನುಕೂಲದ ಸ್ಥಳ ಬೇಕಿಲ್ಲ. ಆಹಾರವೂ ದೂರವಿಲ್ಲ. ಜುನ್ನರಕ್ಕೆ ಹೊಂದಿಕೊಂಡಿರುವ, ಅಹಿಲ್ಯಾನಗರ (ಹಿಂದಿನ ಅಹ್ಮದ್‌ನಗರ) ಜಿಲ್ಲೆಯ ಅಕೋಲೆ ಪ್ರದೇಶದಲ್ಲಿ ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಅವರ ಸಂಗಡಿಗರು ಚಿರತೆಗಳ ಮಲವನ್ನು ಪರೀಕ್ಷಿಸಿ ಅವುಗಳ ಆಹಾರವನ್ನು ಲೆಕ್ಕ ಹಾಕಿದರು. ತಿಂದ ಆಹಾರದ ತೂಕದಲ್ಲಿ ಶೇಕಡ 87 ಭಾಗ ಸಾಕುಪ್ರಾಣಿಗಳದಾಗಿತ್ತು. ನಾಯಿಗಳ ಪಾಲೇ ಶೇಕಡ 39. ನಾಯಿಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಸಂಖ್ಯೆಯಲ್ಲಿದ್ದ ಆಡುಗಳ ಪಾಲು ಇದಕ್ಕಿಂತ ಬಹಳ ಕಡಮೆ. ಕುರಿ-ಆಡುಗಳನ್ನು ರಾತ್ರಿ ಕೊಟ್ಟಿಗೆಯಲ್ಲಿ ಕೂಡಿಹಾಕುತ್ತಾರೆ, ನಾಯಿ ಹೊರಗಿರುತ್ತದೆ. ಊರ ಹೊರಗೆ ಎಸೆದ ಕಸ, ಕೋಳಿ ಅಂಗಡಿಯ ತ್ಯಾಜ್ಯಗಳು ನಾಯಿಗಳನ್ನು ಸಾಕುತ್ತವೆ, ನಾಯಿಗಳು ಚಿರತೆಯನ್ನು ಸಾಕುತ್ತವೆ ಎಂದರೆ ತಪ್ಪಾಗದು.

ಅದೇ ಅಕೋಲೆಯಲ್ಲಿ ಸ್ವಯಂಚಾಲಿತ ಕ್ಯಾಮೆರಾಗಳನ್ನು ಇಟ್ಟು ನಡೆಸಿದ ಇನ್ನೊಂದು ಅಧ್ಯಯನವು 2013ರಲ್ಲಿ ಪ್ರಕಟವಾಯಿತು. ಪ್ರತಿ ಚದರ ಕಿಲೋಮೀಟರಿಗೆ ಮುನ್ನೂರಕ್ಕೂ ಹೆಚ್ಚು ಜನರಿರುವ ಈ ಹೊಲಗದ್ದೆಗಳ ನಾಡಿನಲ್ಲಿ 100 ಚದರ ಕಿಲೋಮೀಟರಿಗೆ ಸುಮಾರು ಐದು ವಯಸ್ಕ ಚಿರತೆಗಳಿರುವುದು ಕಂಡುಬಂತು. ಅಷ್ಟೇ ಪ್ರಮಾಣದಲ್ಲಿ ಕತ್ತೆಕಿರುಬಗಳೂ ಇದ್ದವು. ಅಧ್ಯಯನದ ಅವಧಿಯಲ್ಲಿ ಅಲ್ಲಿ ಮನುಷ್ಯರ ಮೇಲೆ ದಾಳಿ ನಡೆದಿರಲಿಲ್ಲ.

ಹಿಡಿದು ದೂರ ಬಿಟ್ಟ ಪ್ರಯೋಗ

ಚಿರತೆ ಊರ ಬಳಿ ಕಂಡೊಡನೆ ಜನರು ಕೇಳುವುದು ಒಂದೇ: ಬೋನು ಇಡಿ, ಹಿಡಿಯಿರಿ, ಕಾಡಿಗೆ ಬಿಡಿ. ಈ ಬೇಡಿಕೆ ಸಹಜವಾದುದು, ನ್ಯಾಯವೆಂದೂ ತೋರುತ್ತದೆ. ಜುನ್ನರದಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿ ನೋಡಲಾಯಿತು. 2001ರ ಫೆಬ್ರವರಿಯಿಂದ ಮೊದಲ್ಗೊಂಡು ಹಳ್ಳಿಗಳ ಬಳಿ ಹಿಡಿದ 29 ಚಿರತೆಗಳನ್ನು ಸರಾಸರಿ 40 ಕಿಲೋಮೀಟರ್ ದೂರದ ಕಾಡುಗಳಲ್ಲಿ ಬಿಡಲಾಯಿತು. ಅದರ ಪರಿಣಾಮವನ್ನು ವಿದ್ಯಾ ಅತ್ರೇಯ ಅವರು ನಾರ್ವೆಯ ವಿಜ್ಞಾನಿಗಳೊಡನೆ ಹಾಗೂ ಕನ್ನಡಿಗರಿಗೆ ಚಿರಪರಿಚಿತರಾದ ಉಲ್ಲಾಸ ಕಾರಂತರೊಡನೆ ಸೇರಿ ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದರು.

1993ರಿಂದ 2001ರವರೆಗೆ ಈ ವಿಭಾಗದಲ್ಲಿ ಮನುಷ್ಯರ ಮೇಲೆ ವರ್ಷಕ್ಕೆ ಸರಾಸರಿ ನಾಲ್ಕು ದಾಳಿಗಳು ನಡೆದಿದ್ದವು. ಸ್ಥಳಾಂತರ ಆರಂಭವಾದ ಮೇಲೆ ಈ ಸಂಖ್ಯೆ ವರ್ಷಕ್ಕೆ 17ಕ್ಕೆ ಏರಿತು. ಹೆಚ್ಚಿದ ದಾಳಿಗಳು ಚಿರತೆಗಳನ್ನು ಬಿಟ್ಟ ಸ್ಥಳಗಳ ಸಮೀಪದಲ್ಲೇ ಆಗಿದ್ದವು. ಸಾವಿನಲ್ಲಿ ಕೊನೆಗೊಂಡ ದಾಳಿಗಳ ಪ್ರಮಾಣ ಶೇಕಡ 18ರಿಂದ 36ಕ್ಕೆ, ಅಂದರೆ ಇಮ್ಮಡಿಯಾಯಿತು.

ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಚಿರತೆಯು ತನ್ನ ನೆಲೆಯ ಪ್ರತಿ ಬದುವನ್ನೂ, ಮನುಷ್ಯರು ಓಡಾಡುವ ಹೊತ್ತನ್ನೂ ಬಲ್ಲ ಪ್ರಾಣಿ. ಆ ತಿಳಿವಳಿಕೆಯ ಬಲದಿಂದಲೇ ಅದು ಜನರ ಕಣ್ಣಿಗೆ ಬೀಳದೆ ಬಾಳುತ್ತದೆ. ಬೋನಿನಲ್ಲಿ ಸಿಲುಕಿ, ಗಾಯಗೊಂಡು, ಬೆದರಿ, ಗುರುತಿಲ್ಲದ ಕಾಡಿನಲ್ಲಿ ಬಿಡಲ್ಪಟ್ಟಾಗ ಅದಕ್ಕೆ ಆ ತಿಳಿವಳಿಕೆ ಉಪಯೋಗಕ್ಕೆ ಬಾರದು. ಇತ್ತ ಬರಿದಾದ ನೆಲೆಗೆ ಬೇರೊಂದು ಚಿರತೆ, ಹೆಚ್ಚಾಗಿ ಅನುಭವವಿಲ್ಲದ ಎಳೆಯದು, ಬಂದು ಸೇರುತ್ತದೆ. 2009ರಲ್ಲಿ ಟಾಕಳಿ ಢೋಕೇಶ್ವರದ ಬಾವಿಯಿಂದ ಮೇಲೆತ್ತಿದ ಗಂಡು ಚಿರತೆಯೊಂದಕ್ಕೆ ರೇಡಿಯೋ ಪಟ್ಟಿ ತೊಡಿಸಿ ಮಾಳಶೇಜ ಘಾಟಿನಲ್ಲಿ ಬಿಡಲಾಗಿತ್ತು. ಅದು ಬಿಟ್ಟ ಕಾಡಿನಲ್ಲಿ ನಿಲ್ಲದೆ, ರೈಲುಹಳಿ, ಹೆದ್ದಾರಿ, ವಸಾಯಿ ಖಾರಿಗಳನ್ನು ದಾಟಿ, ಸುಮಾರು 120 ಕಿಲೋಮೀಟರ್ ನಡೆದು ಮುಂಬಯಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವನ್ನು ಸೇರಿತು. ದಾರಿಯಲ್ಲಿ ಯಾರಿಗೂ ತೊಂದರೆ ಮಾಡಲಿಲ್ಲ. ಅಜೋಬಾ, ಎಂದರೆ ಅಜ್ಜ, ಎಂದು ಹೆಸರಾದ ಈ ಚಿರತೆ 2011ರ ಡಿಸೆಂಬರಿನಲ್ಲಿ ಮುಂಬಯಿ–ಆಗ್ರಾ ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತಿತು.

2011ರಲ್ಲಿ ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವಾಲಯವು ಚಿರತೆ–ಮಾನವ ಸಂಘರ್ಷದ ಬಗ್ಗೆ ಮಾರ್ಗಸೂಚಿಗಳನ್ನು ಹೊರಡಿಸಿತು. ಕೇವಲ ಕಣ್ಣಿಗೆ ಬಿದ್ದ ಕಾರಣಕ್ಕೆ ಚಿರತೆಯನ್ನು ಹಿಡಿಯಬಾರದು, ಹಿಡಿಯಲೇಬೇಕಾಗಿ ಬಂದ ಪ್ರಾಣಿಯನ್ನು ಹಿಡಿದ ಸ್ಥಳದ ಆಸುಪಾಸಿನಲ್ಲೇ ಬಿಡಬೇಕು, ಮನುಷ್ಯರನ್ನು ಕೊಂದುದೆಂದು ಖಚಿತವಾದ ಪ್ರಾಣಿಯನ್ನು ಮಾತ್ರ ಶಾಶ್ವತವಾಗಿ ಬಂಧನದಲ್ಲಿಡಬೇಕು ಎಂಬುದು ಅವುಗಳ ಸಾರ. ಕಾಗದದ ಮೇಲೆ ಇದು ಸುಲಭ. ಮಗುವನ್ನು ಕಳೆದುಕೊಂಡ ಊರಿನ ಚಾವಡಿಯಲ್ಲಿ ನಿಂತು ಇದನ್ನು ವಿವರಿಸುವ ವನಪಾಲಕನಿಗೆ ಅಷ್ಟು ಸುಲಭವಲ್ಲ.

ಮಾಣಿಕಡೋಹದ ಕೇಂದ್ರ

2001ರ ನಂತರದ ದಾಳಿಗಳ ದಿನಗಳಲ್ಲಿ ಹಿಡಿದ ಚಿರತೆಗಳನ್ನು ಇರಿಸಲು ಸ್ಥಳ ಬೇಕಾಯಿತು. ಶಿವಾಜಿ ಮಹಾರಾಜರ ಜನ್ಮಸ್ಥಾನವಾದ ಶಿವನೇರಿ ಕೋಟೆಗೆ ಸಮೀಪದಲ್ಲಿ, ಮಾಣಿಕಡೋಹ ಅಣೆಕಟ್ಟಿನ ಬಳಿ ಅರಣ್ಯ ಇಲಾಖೆಯು 2002ರಲ್ಲಿ ಚಿರತೆ ರಕ್ಷಣಾ ಕೇಂದ್ರವನ್ನು ಸ್ಥಾಪಿಸಿತು. ಕಳೆದ ಹದಿನೈದು ವರ್ಷಗಳಿಗೂ ಹೆಚ್ಚು ಕಾಲದಿಂದ ಈ ಕೇಂದ್ರವನ್ನು ಇಲಾಖೆಯ ಸಹಯೋಗದಲ್ಲಿ ವೈಲ್ಡ್‌ಲೈಫ್ ಎಸ್.ಓ.ಎಸ್. ಎಂಬ ಸ್ವಯಂಸೇವಾ ಸಂಸ್ಥೆಯು ನಡೆಸಿಕೊಂಡು ಬಂದಿದೆ.

ಈ ಸಂಸ್ಥೆಯನ್ನು 1995ರಲ್ಲಿ ಕಾರ್ತಿಕ್ ಸತ್ಯನಾರಾಯಣ ಮತ್ತು ಗೀತಾ ಶೇಷಮಣಿ ಅವರು ಸ್ಥಾಪಿಸಿದರು. ಕರ್ನಾಟಕದ ವಾಚಕರಿಗೆ ಇದರ ಪರಿಚಯ ಕರಡಿಗಳ ಮೂಲಕ ಆಗಿರಬಹುದು. ಮೂಗಿಗೆ ಹಗ್ಗ ಪೋಣಿಸಿ ಬೀದಿಬೀದಿಯಲ್ಲಿ ಕರಡಿ ಕುಣಿಸುತ್ತಿದ್ದ ಕಲಂದರ್ ಸಮುದಾಯದ ಕುಟುಂಬಗಳಿಗೆ ಬೇರೆ ಜೀವನೋಪಾಯವನ್ನು ಒದಗಿಸಿ, ಆ ಕರಡಿಗಳನ್ನು ಬಿಡಿಸಿ ತಂದ ಕೆಲಸ ಇದರದು. ಹಾಗೆ ಬಿಡುಗಡೆಯಾದ ಕರಡಿಗಳಿಗೆ ಬೆಂಗಳೂರಿನ ಬಳಿ ಬನ್ನೇರುಘಟ್ಟದಲ್ಲೂ ಆಶ್ರಯಧಾಮವಿದೆ. ಈ ಕಾರ್ಯದ ಕೊನೆಯ ಕರಡಿಯೆಂದು ಹೆಸರಾದ ‘ರಾಜು’ 2009ರ ಡಿಸೆಂಬರಿನಲ್ಲಿ ಬಂದು ಸೇರಿದುದು ಅಲ್ಲಿಗೇ.

ಮಾಣಿಕಡೋಹದಲ್ಲಿ ಪಶುವೈದ್ಯರು, ಪ್ರಾಣಿಪಾಲಕರು, ಶಸ್ತ್ರಚಿಕಿತ್ಸೆಗೆ ಬೇಕಾದ ಸಲಕರಣೆಗಳು ಇವೆ. ಹಲವು ವರ್ಷಗಳಿಂದ ಮೂವತ್ತಕ್ಕೂ ಹೆಚ್ಚು ಚಿರತೆಗಳು ಇಲ್ಲಿ ವಾಸವಾಗಿವೆ. ವಾಹನ ಬಡಿದು ಸೊಂಟ ಮುರಿದವು, ಉರುಳಿಗೆ ಸಿಕ್ಕಿ ಕಾಲು ಕಳೆದುಕೊಂಡವು, ದೃಷ್ಟಿ ಹೋದವು, ತಾಯಿಯಿಲ್ಲದೆ ಮನುಷ್ಯರ ಕೈಯಲ್ಲಿ ಬೆಳೆದವು, ದಾಳಿಯ ಆರೋಪ ಹೊತ್ತವು ಎಲ್ಲವೂ ಇವುಗಳಲ್ಲಿವೆ. ಇವುಗಳ ಪೈಕಿ ಹೆಚ್ಚಿನವು ಮರಳಿ ಹೊರಗೆ ಹೋಗಲಾರವು. ಬಂಧನದಲ್ಲಿ ಚಿರತೆ ಹದಿನೈದು, ಇಪ್ಪತ್ತು ವರ್ಷ ಬದುಕಬಲ್ಲುದು. ಅಷ್ಟೂ ವರ್ಷ ಪ್ರತಿದಿನ ಮಾಂಸ, ಔಷಧಿ, ಪಾಲನೆಗಳ ವೆಚ್ಚ ಇರುತ್ತದೆ. ಹೊಸ ಪ್ರಾಣಿಗೆ ಜಾಗವೂ ಇರುವುದಿಲ್ಲ. ಆದುದರಿಂದ ಎಷ್ಟು ಚಿರತೆಗಳನ್ನು ಒಳಗೆ ತೆಗೆದುಕೊಂಡಿತು ಎಂಬುದರಿಂದ ಇಂತಹ ಕೇಂದ್ರದ ಸಾಧನೆಯನ್ನು ಅಳೆಯುವುದು ಸರಿಯಲ್ಲ. ಒಳಗೆ ಬರುವುದನ್ನು ತಪ್ಪಿಸಿದ ಚಿರತೆಗಳು ಎಷ್ಟು ಎಂಬುದೇ ಮುಖ್ಯ. ಮರಿಗಳ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ತಾಯಿಗೆ ಮರಿ ಒಪ್ಪಿಸುವ ಕೆಲಸ

ದೀಪಾವಳಿಯ ಆಸುಪಾಸಿನಿಂದ ಬೇಸಗೆಯವರೆಗೆ ಕಬ್ಬು ಕಟಾವಿನ ಕಾಲ. ಬೀಡ ಮುಂತಾದ ಮರಾಠವಾಡದ ಜಿಲ್ಲೆಗಳಿಂದ ಕಟಾವಿನ ಕೂಲಿಗಳ ಗುಂಪುಗಳು ಸಂಸಾರ ಸಮೇತ ಬಂದು ಹೊಲದ ಬದಿಯಲ್ಲಿ ಗುಡಿಸಲು ಹಾಕಿಕೊಳ್ಳುತ್ತವೆ. ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಹೊಲಗಳಿಗೂ ಇದೇ ಪ್ರದೇಶದ ಕೂಲಿಗಳು ಬರುತ್ತಾರೆ. ಕಟಾವು ಒಂದು ಅಂಚಿನಿಂದ ಆರಂಭವಾಗಿ ಒಳಗೆ ಸಾಗುತ್ತದೆ. ದೊಡ್ಡ ಚಿರತೆ ಸದ್ದು ಕೇಳಿ ಸರಿದು ಹೋಗುತ್ತದೆ. ಕಣ್ಣು ಬಿಟ್ಟೂ ಬಿಡದ ಮರಿಗಳು ಕಬ್ಬಿನ ಒಣ ಸೋಗೆಯ ನಡುವೆ ಹಾಗೆಯೇ ಉಳಿಯುತ್ತವೆ. ಕೂಲಿಯವನ ಕುಡುಗೋಲು ಅವುಗಳ ಪಕ್ಕದಲ್ಲಿ ನಿಂತಾಗಲೇ ವಿಷಯ ತಿಳಿಯುತ್ತದೆ.

ಹಿಂದೆ ಇಂತಹ ಮರಿಗಳನ್ನು ಯಾರೋ ಎತ್ತಿಕೊಂಡು ಊರಿಗೆ ತರುತ್ತಿದ್ದರು. ಜನರು ಹಾಲು ಕುಡಿಸುತ್ತಿದ್ದರು, ಕೈಯಿಂದ ಕೈಗೆ ದಾಟಿಸುತ್ತಿದ್ದರು. ಮರಿ ಸಾಯುತ್ತಿತ್ತು, ಇಲ್ಲವೇ ಮೃಗಾಲಯ ಸೇರುತ್ತಿತ್ತು. ಮರಿಗಳನ್ನು ಕಳೆದುಕೊಂಡ ತಾಯಿ ಅದೇ ಹೊಲದ ಸುತ್ತ ರಾತ್ರಿಗಳನ್ನು ಕಳೆಯುತ್ತಿತ್ತು. ಅಲ್ಲೇ ಗುಡಿಸಲುಗಳಲ್ಲಿ ಕೂಲಿಗಳ ಮಕ್ಕಳು ಮಲಗಿರುತ್ತಿದ್ದರು. ಅಪಾಯ ಯಾರಿಗೆ ಎಂಬುದನ್ನು ಹೇಳಬೇಕಾಗಿಲ್ಲ.

ಈಗ ಅನುಸರಿಸುತ್ತಿರುವ ಕ್ರಮ ಬೇರೆ. ಮರಿ ಕಂಡ ಕೂಡಲೇ ಕಟಾವು ನಿಲ್ಲಿಸಿ ಅರಣ್ಯ ಇಲಾಖೆಗೆ ತಿಳಿಸಲಾಗುತ್ತದೆ. ಇಲಾಖೆಯ ಸಿಬ್ಬಂದಿಯೊಡನೆ ಮಾಣಿಕಡೋಹದ ಪಶುವೈದ್ಯರು ಬರುತ್ತಾರೆ. ಮರಿ ಗಂಡೋ ಹೆಣ್ಣೋ, ಎಷ್ಟು ದಿನದ್ದು, ಗಾಯವಿದೆಯೇ, ಮೈಯಲ್ಲಿ ನೀರಿನ ಅಂಶ ಸಾಕಷ್ಟಿದೆಯೇ ಎಂದು ನೋಡುತ್ತಾರೆ, ಉಣ್ಣೆಗಳನ್ನು ತೆಗೆಯುತ್ತಾರೆ, ಮುಂದೆ ಗುರುತು ಹಿಡಿಯಲು ಅಕ್ಕಿಕಾಳಿನ ಗಾತ್ರದ ಒಂದು ಚಿಪ್ಪನ್ನು ಚರ್ಮದಡಿ ಸೇರಿಸುತ್ತಾರೆ. ಸಂಜೆ ಕತ್ತಲಾಗುವ ಮುನ್ನ, ಸಿಕ್ಕ ಜಾಗದಲ್ಲೇ, ಮರಿಯನ್ನು ಒಂದು ಡಬ್ಬದಲ್ಲಿಟ್ಟು ಎಲ್ಲರೂ ಹಿಂದೆ ಸರಿಯುತ್ತಾರೆ. ಜಾಗ ಬದಲಾಗಬಾರದು. ತಾಯಿ ಹುಡುಕಿಕೊಂಡು ಬರುವುದು ಮರಿಯನ್ನು ಬಿಟ್ಟ ಸ್ಥಳಕ್ಕೇ.

ಕತ್ತಲಲ್ಲಿ ಚಿತ್ರ ತೆಗೆಯುವ ಕ್ಯಾಮೆರಾವನ್ನು ಸಮೀಪದಲ್ಲಿ ಕಟ್ಟಿರಲಾಗುತ್ತದೆ. ತಾಯಿ ಬರುತ್ತದೆ, ಡಬ್ಬದ ಸುತ್ತ ಸುಳಿಯುತ್ತದೆ, ಪಂಜದಿಂದ ಅದನ್ನು ಉರುಳಿಸುತ್ತದೆ, ಮರಿಯ ಕುತ್ತಿಗೆಯ ಸಡಿಲ ಚರ್ಮವನ್ನು ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಎರಡು ಮೂರು ಮರಿಗಳಿದ್ದರೆ ಒಂದೊಂದನ್ನೇ ಒಯ್ಯಲು ಮತ್ತೆ ಮತ್ತೆ ಬರುತ್ತದೆ. ಮನುಷ್ಯನ ಕೈ ಸೋಕಿದ ಮರಿಯನ್ನು ತಾಯಿ ಮುಟ್ಟದೆಂಬ ನಂಬಿಕೆ ಹಳ್ಳಿಗಳಲ್ಲಿದೆ. ಈ ಚಿತ್ರಗಳು ಅದನ್ನು ಸುಳ್ಳಾಗಿಸಿವೆ. ಕೆಲವೊಮ್ಮೆ ಮೊದಲ ರಾತ್ರಿ ತಾಯಿ ಬಾರದು. ಆಗ ಮರಿಯನ್ನು ಬೆಳಿಗ್ಗೆ ತಂದು ಆರೈಕೆ ಮಾಡಿ ಮರುದಿನ ಸಂಜೆ ಮತ್ತೆ ಇಡಲಾಗುತ್ತದೆ.

ಈ ಕ್ರಮಕ್ಕೆ ಮುಖ್ಯ ಆಧಾರ ಹೊಲದ ಯಜಮಾನನ ಒಪ್ಪಿಗೆ. ಕಟಾವು ಒಂದು ದಿನ ನಿಂತರೆ ಕೂಲಿಗಳ ದುಡಿಮೆ ನಿಲ್ಲುತ್ತದೆ, ಕಾರ್ಖಾನೆಯ ಲಾರಿ ಕಾಯುತ್ತದೆ. ಹಾಗಿದ್ದೂ ಈ ಪ್ರದೇಶದ ರೈತರು ಹಲವಾರು ಬಾರಿ ಕೆಲಸ ನಿಲ್ಲಿಸಿ ಸಹಕರಿಸಿದ್ದಾರೆಂಬುದು ಗಮನಾರ್ಹ. ಸಹ್ಯಾದ್ರಿಯ ಕೆಲವು ಸಮುದಾಯಗಳಲ್ಲಿ ‘ವಾಘೋಬಾ’ ಎಂಬ ಹೆಸರಿನಿಂದ ಹುಲಿ-ಚಿರತೆಗಳನ್ನು ಪೂಜಿಸುವ ವಾಡಿಕೆ ಇಂದಿಗೂ ಇದೆ. ಹುಲಿಯನ್ನೇ ವಾಹನ ಮಾಡಿಕೊಂಡ ಮಾದಪ್ಪನ ಒಕ್ಕಲುಗಳಿಗೆ ಇದು ಹೊಸತೆನಿಸದು. ಆದರೆ ಭಕ್ತಿಯೊಂದರಿಂದಲೇ ಇಂತಹ ಸಹಕಾರ ದೊರೆಯುತ್ತದೆಂದು ತಿಳಿಯುವುದು ಸರಿಯಲ್ಲ. ಮರಿ ತಾಯಿಯ ಬಳಿ ಇದ್ದರೆ ತನ್ನ ಮನೆಯವರಿಗೆ ಅಪಾಯ ಕಡಮೆ ಎಂಬುದನ್ನು ರೈತ ಕಣ್ಣಾರೆ ಕಂಡಿದ್ದಾನೆ.

ಬಾವಿಗೆ ಬಿದ್ದ ಚಿರತೆ

ಇನ್ನೊಂದು ಕೆಲಸ ಬಾವಿಗಳದು. ಹೊಲಗಳಲ್ಲಿ ಕಟ್ಟೆಯಿಲ್ಲದ ತೆರೆದ ಬಾವಿಗಳು ಹೇರಳ. ರಾತ್ರಿ ನಾಯಿಯನ್ನೋ ಕಾಡುಹಂದಿಯನ್ನೋ ಬೆನ್ನಟ್ಟುವ ಚಿರತೆ ಅವುಗಳಲ್ಲಿ ಬೀಳುತ್ತದೆ. ಈಜುತ್ತ, ಗೋಡೆಯ ಕಲ್ಲಿಗೆ ಉಗುರು ಸಿಕ್ಕಿಸಿಕೊಂಡು ಬೆಳಗಾಗುವವರೆಗೆ ಕಾಯುತ್ತದೆ. ನೀರಿನಲ್ಲಿರುವ ಪ್ರಾಣಿಗೆ ಅರಿವಳಿಕೆ ಕೊಟ್ಟರೆ ಅದು ಮುಳುಗಿ ಸಾಯುವ ಸಂಭವವಿರುತ್ತದೆ. ಆದುದರಿಂದ ಮೊದಲು ಹಗ್ಗ ಕಟ್ಟಿದ ಮಂಚವನ್ನೋ ಮರದ ಚೌಕಟ್ಟನ್ನೋ ಇಳಿಬಿಟ್ಟು, ಅದರ ಮೇಲೆ ದಣಿವಾರಿಸಿಕೊಳ್ಳಲು ಬಿಡುತ್ತಾರೆ. ಬಳಿಕ ಬಾಗಿಲು ತೆರೆದ ಬೋನನ್ನು ನೀರಿನ ಮಟ್ಟಕ್ಕೆ ಇಳಿಸುತ್ತಾರೆ. ಚಿರತೆ ತಾನಾಗಿಯೇ ಒಳಗೆ ಸೇರುತ್ತದೆ. ಗಾಯವಿಲ್ಲದಿದ್ದರೆ ಅದನ್ನು ಸಮೀಪದಲ್ಲೇ ಬಿಡಲಾಗುತ್ತದೆ. ಇವೆಲ್ಲಕ್ಕಿಂತ ಕಷ್ಟದ ಕೆಲಸವೆಂದರೆ ಬಾವಿಯ ಸುತ್ತ ನೆರೆಯುವ ನೂರಾರು ಜನರನ್ನು ದೂರ ಇಡುವುದು. ಪಾರಾಗಲು ದಾರಿ ಸಿಗದ ಚಿರತೆ ಗುಂಪಿನ ಮೇಲೆ ಎರಗುತ್ತದೆ. ಆಗ ‘ಚಿರತೆ ದಾಳಿ’ ಎಂಬ ಸುದ್ದಿಯಾಗುತ್ತದೆ.

2025ರ ಹಿಂಗಾರಿನಲ್ಲಿ

ಇಷ್ಟೆಲ್ಲ ಆದರೂ ಈ ನಾಡಿನಲ್ಲಿ ಎಲ್ಲವೂ ಸುಗಮವಾಗಿದೆಯೆಂದು ಹೇಳಲಾಗದು. 2025ರ ಅಕ್ಟೋಬರ್ ಮಧ್ಯಭಾಗದಿಂದ ನವೆಂಬರ್ ಆರಂಭದವರೆಗಿನ ಮೂರು ವಾರಗಳಲ್ಲಿ ಶಿರೂರು ತಾಲ್ಲೂಕಿನ ಪಿಂಪರಖೇಡ ಮತ್ತು ಅದರ ಆಸುಪಾಸಿನಲ್ಲಿ ಚಿರತೆ ದಾಳಿಯಿಂದ ಮೂವರು ಮೃತಪಟ್ಟರು. ಒಬ್ಬರು ವೃದ್ಧೆ, ಉಳಿದಿಬ್ಬರು ಮಕ್ಕಳು. ಜನರ ದುಃಖ ರೋಷವಾಗಿ ತಿರುಗಿತು. ಪುಣೆ–ನಾಸಿಕ ಹೆದ್ದಾರಿಯಲ್ಲಿ, ಚಾಕಣದ ಉತ್ತರಕ್ಕಿರುವ ಮಂಚರದ ಬಳಿ ರಸ್ತೆ ತಡೆ ನಡೆಯಿತು. ಕೊಲ್ಲುವ ಆದೇಶ ಹೊರಟು, ನವೆಂಬರ್ ಮೊದಲ ವಾರದಲ್ಲಿ ಒಂದು ಚಿರತೆಯನ್ನು ಗುಂಡಿಟ್ಟು ಕೊಲ್ಲಲಾಯಿತು. ಚಿರತೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಸೇರಿದ್ದರೂ, ಮನುಷ್ಯರ ಪ್ರಾಣಕ್ಕೆ ಅಪಾಯಕಾರಿಯಾದ ಪ್ರಾಣಿಯ ವಿಷಯದಲ್ಲಿ ರಾಜ್ಯದ ಮುಖ್ಯ ವನ್ಯಜೀವಿ ಪಾಲಕರು ಅಂತಹ ಆದೇಶವನ್ನು ನೀಡಲು ಕಾಯಿದೆಯಲ್ಲೇ ಅವಕಾಶವಿದೆ.

ಅನಂತರ ಚಿರತೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಹಿಡಿದು ಬೇರೆಡೆಗೆ ಸಾಗಿಸಬೇಕೆಂಬ, ಸಂತಾನಶಕ್ತಿ ಹರಣ ಮಾಡಬೇಕೆಂಬ ಸಲಹೆಗಳು ಮುಂದೆ ಬಂದವು. ಸಂತಾನ ನಿಯಂತ್ರಣವು ಸಂಖ್ಯೆಯನ್ನು ಕಾಲಕ್ರಮದಲ್ಲಿ ತಗ್ಗಿಸೀತು. ನಾಳೆಯ ದಾಳಿಯನ್ನು ಅದು ತಡೆಯದು. ಹಿಡಿದು ಸಾಗಿಸುವುದರ ಫಲವನ್ನು ಇದೇ ವಿಭಾಗವು 2001ರ ಬಳಿಕ ಕಂಡಿದೆ. ಮಾಣಿಕಡೋಹದ ಗೂಡುಗಳೋ ಮೊದಲೇ ತುಂಬಿವೆ.

ದಾಳಿಗಳ ವಿವರಗಳನ್ನು ನೋಡಿದರೆ ಕೆಲವು ಸಂಗತಿಗಳು ಮರುಕಳಿಸುತ್ತವೆ. ಕಬ್ಬಿನ ಅಂಚಿಗೆ ತಾಗಿಕೊಂಡ ಒಂಟಿ ಮನೆ, ಮುಸ್ಸಂಜೆಯ ಹೊತ್ತು, ಅಂಗಳದಲ್ಲಿ ಆಡುವ ಮಗು, ಬಗ್ಗಿ ಅಥವಾ ಕುಳಿತು ಕೆಲಸ ಮಾಡುವ ಹೆಂಗಸು. ನಿಂತ ಮನುಷ್ಯನನ್ನು ಕಂಡರೆ ಸರಿಯುವ ಚಿರತೆ, ಕುಳಿತವರ ಎತ್ತರವನ್ನು ಕಂಡು ಬೇಟೆಯೆಂದು ಭ್ರಮಿಸುವುದುಂಟು. ಮನೆಗೂ ಕಬ್ಬಿಗೂ ನಡುವೆ ಒಂದಷ್ಟು ಜಾಗ ಬಯಲಾಗಿರಬೇಕು, ಅಂಗಳದಲ್ಲಿ ದೀಪ ಇರಬೇಕು, ಕೊಟ್ಟಿಗೆಗೆ ಗಟ್ಟಿ ಬಾಗಿಲು ಬೇಕು, ಮನೆಯೊಳಗೆ ಶೌಚಾಲಯ ಬೇಕು, ಕತ್ತಲಲ್ಲಿ ಮಕ್ಕಳನ್ನು ಒಂಟಿಯಾಗಿ ಬಿಡಬಾರದು, ನಡೆಯುವಾಗ ಮಾತನಾಡುತ್ತಲೋ ಮೊಬೈಲಿನಲ್ಲಿ ಹಾಡು ಹಾಕಿಕೊಂಡೋ ಹೋಗಬೇಕು ಎಂದು ಸಂಸ್ಥೆಯವರೂ ಇಲಾಖೆಯವರೂ ಶಾಲೆಗಳಲ್ಲಿ, ಗ್ರಾಮಸಭೆಗಳಲ್ಲಿ ಹೇಳುತ್ತ ಬಂದಿದ್ದಾರೆ. ಜೀವಹಾನಿಗೆ ಮಹಾರಾಷ್ಟ್ರ ಸರ್ಕಾರ ನೀಡುವ ಪರಿಹಾರಧನ 25 ಲಕ್ಷ ರೂಪಾಯಿಗೆ ಏರಿದೆ. ಸತ್ತ ಜಾನುವಾರುಗಳಿಗೂ ಪರಿಹಾರವಿದೆ.

ಎಚ್ಚರಿಕೆಯ ಮಾತುಗಳಿಗೆ ಒಂದು ಮಿತಿಯಿದೆ. ರೈತರ ಹಳೆಯ ದೂರೊಂದು ಇಲ್ಲಿ ಉಲ್ಲೇಖನೀಯ: ಪಂಪ್‌ಸೆಟ್ಟಿಗೆ ವಿದ್ಯುತ್ತು ಬರುವುದು ರಾತ್ರಿ. ನೀರು ಕಟ್ಟಲು ನಡುರಾತ್ರಿಯಲ್ಲಿ ಕಬ್ಬಿನೊಳಗೆ ಹೋಗಲೇಬೇಕಾದವನಿಗೆ ಕತ್ತಲಲ್ಲಿ ಹೊರಗೆ ಹೋಗಬೇಡ ಎಂದರೆ ಏನು ಪ್ರಯೋಜನ? ಚಿರತೆ ಸಮಸ್ಯೆಯ ಪರಿಹಾರದಲ್ಲಿ ಅರಣ್ಯ ಇಲಾಖೆಯಷ್ಟೇ ಪಾಲು ವಿದ್ಯುತ್ ಇಲಾಖೆಗೂ ಇದೆ. ಕಸದ ವಿಲೇವಾರಿ ನೋಡಿಕೊಳ್ಳುವ ಗ್ರಾಮ ಪಂಚಾಯಿತಿಗೂ ಇದೆ.

ಕರ್ನಾಟಕಕ್ಕೆ ಈ ಅನುಭವ ದೂರದ್ದಲ್ಲ. 2022ರ ಗಣತಿಯ ವರದಿಯಂತೆ ಚಿರತೆಗಳ ಸಂಖ್ಯೆಯಲ್ಲಿ ಮಧ್ಯಪ್ರದೇಶದ ನಂತರ ಮಹಾರಾಷ್ಟ್ರ (1,985), ಅದರ ನಂತರ ಕರ್ನಾಟಕ (1,879). ಈ ಗಣತಿ ಮುಖ್ಯವಾಗಿ ಅರಣ್ಯಗಳದು. ಕಬ್ಬಿನ ಹೊಲಗಳ ಚಿರತೆಗಳು ಇದರಲ್ಲಿ ಪೂರ್ಣವಾಗಿ ಸೇರಿಲ್ಲ. ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ ನಾಲ್ವರು ಚಿರತೆ ದಾಳಿಗೆ ಬಲಿಯಾದರು. ಅದೂ ಕಾಲುವೆಯ ನೀರಿನ, ಕಬ್ಬಿನ ನಾಡೇ. ಆ ಬಳಿಕ ಮೈಸೂರಿನಲ್ಲಿ ಚಿರತೆಗಳಿಗಾಗಿಯೇ ವಿಶೇಷ ಕಾರ್ಯಪಡೆಯೊಂದನ್ನು ರಚಿಸಲಾಯಿತು. ಮಂಡ್ಯ, ಮೈಸೂರು ಸೀಮೆಯಲ್ಲಿ ಕಬ್ಬು ಕಡಿಯುವಾಗ ಸಿಕ್ಕ ಮರಿಗಳನ್ನು ಸಂಜೆಯ ಹೊತ್ತಿಗೆ ಅದೇ ಜಾಗದಲ್ಲಿಟ್ಟು ತಾಯಿಗಾಗಿ ಕಾಯುವ ಕ್ರಮ ಅಲ್ಲಿಯೂ ಬಳಕೆಗೆ ಬಂದಿದೆ.